ಕಾಯದಲ್ಲೇ ರೆಕ್ಕೆ ಮಡಚಿದ ವ್ಯೋಮವಿಮಾನ

ಮೂಡಿಗೆರೆ, ಕಳಸದ ತೋಟಗಳಲ್ಲಿ ಹಾರುವ ಓತಿಯನ್ನು ಕಂಡವರಿಗೆ ಅದರ ಗುಟ್ಟು ಗೊತ್ತು. ಅಡಿಕೆ ಮರಕ್ಕೆ ಅಂಟಿ ಕೂತಾಗ ಅದಕ್ಕೆ ರೆಕ್ಕೆ ಇರುವ ಸುಳಿವೇ ಇಲ್ಲ. ನೆಗೆದೊಡನೆ ಪಕ್ಕೆಲುಬು ಅಗಲವಾಗಿ ಚರ್ಮ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಮರ ಮುಟ್ಟುತ್ತಲೇ ಮಡಚಿ ಮೈ ಸೇರುತ್ತದೆ. ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ಓದಿದವರಿಗೆ ಈ ಜೀವಿಯ ಪರಿಚಯ ಬೇಕಿಲ್ಲ.

ಮನುಷ್ಯರನ್ನು ಬಾಹ್ಯಾಕಾಶಕ್ಕೊಯ್ದು ಮರಳಿ ತರುವ ವಿಮಾನದ ಮೊದಲ ನಕ್ಷೆ ಬರೆದವರನ್ನು ಕಾಡಿದ್ದೂ ಈ ರೆಕ್ಕೆಯೇ. ಅದು ಬೇಕಾಗುವುದು ಇಳಿಯುವಾಗ, ಕೊನೆಯ ಕೆಲವು ನಿಮಿಷ. ಹೊರಬೇಕಾದದ್ದು ದಾರಿಯುದ್ದಕ್ಕೂ, ಸಾಲದ್ದಕ್ಕೆ ವಾಯುಮಂಡಲ ಹೊಗುವಾಗಿನ ಬೆಂಕಿಯಿಂದ ಕಾಯಬೇಕು.

ಅಮೆರಿಕದ ವಾಯುಪಡೆ 1957ರಲ್ಲಿ ಕೈಗೆತ್ತಿಕೊಂಡ ಡೈನಾ–ಸೋರ್‌ನಲ್ಲಿ ಒಬ್ಬ ಪೈಲಟ್, ಬಿಗಿದ ತ್ರಿಕೋನ ರೆಕ್ಕೆ. ಏರಿಸಿದ ಟೈಟನ್ ರಾಕೆಟ್ ಹೋದರೆ ಹೋಗಲಿ, ವಿಮಾನ ಮರಳಲಿ ಎಂಬ ಲೆಕ್ಕ. 1963ರ ಡಿಸೆಂಬರ್‌ನಲ್ಲಿ, ಒಮ್ಮೆಯೂ ಹಾರುವ ಮೊದಲೇ ಯೋಜನೆ ರದ್ದಾಯಿತು.

ನನಗೆ ಹೆಚ್ಚು ಮೆಚ್ಚುಗೆಯಾಗುವುದು 1965ರ ಸೋವಿಯತ್ ಯೋಜನೆ ಸ್ಪಿರಾಲ್. ಗ್ಲೆಬ್ ಲೊಝಿನೊ–ಲೊಝಿನ್ಸ್ಕಿ ಅದರ ಮುಖ್ಯ ವಿನ್ಯಾಸಕ. ಶಬ್ದದ ಆರು ಪಟ್ಟು ವೇಗದ ತಾಯಿವಿಮಾನ, ಅದರ ಬೆನ್ನ ಮೇಲೆ ರಾಕೆಟ್, ರಾಕೆಟ್ಟಿನೊಂದಿಗೆ ಒಬ್ಬನೇ ಕೂರುವ ಪುಟ್ಟ ವ್ಯೋಮವಿಮಾನ. ತಾಯಿವಿಮಾನ ಮರಳುತ್ತದೆ, ಪುಟ್ಟದ್ದೂ ಮರಳುತ್ತದೆ; ನಷ್ಟ ರಾಕೆಟ್ಟಿನದು ಮಾತ್ರ. ವಾಯುಮಂಡಲ ಹೊಗುವಾಗ ರೆಕ್ಕೆಗಳು ಮೇಲಕ್ಕೆ ಮಡಚಿಕೊಳ್ಳುತ್ತವೆ, ಕಾವನ್ನೆಲ್ಲ ಹೊಟ್ಟೆಯ ಭಾಗ ತಡೆಯುತ್ತದೆ. ವೇಗ ತಗ್ಗಿದ ಮೇಲೆ ರೆಕ್ಕೆ ಚಾಚಿ ತೇಲಿ ಇಳಿಯಬೇಕು. ಎಷ್ಟು ಸರಳ, ಎಷ್ಟು ಸೊಗಸು! ಪೂರ್ಣ ಯೋಜನೆ ಕೈಗೂಡಲಿಲ್ಲ. ಆದರೆ ಅದರ ಮಾನವರಹಿತ ಕಿರುರೂಪ ಬೋರ್–4 ಕಕ್ಷೆಗೆ ಹೋಗಿ ಹಿಂದೂ ಮಹಾಸಾಗರಕ್ಕೆ ಇಳಿಯಿತು. 1983ರಲ್ಲಿ ಸೋವಿಯತ್ ಹಡಗುಗಳು ಅದನ್ನು ಎತ್ತುವಾಗ ಆಸ್ಟ್ರೇಲಿಯದ ಗಸ್ತು ವಿಮಾನ ಚಿತ್ರ ತೆಗೆಯಿತು. ಆ ಆಕಾರದಿಂದಲೇ ನಾಸಾದ ಎಚ್‌ಎಲ್–20 ವಿನ್ಯಾಸ ಹುಟ್ಟಿತು.

ಅಷ್ಟರಲ್ಲಿ ಅಮೆರಿಕದ ಷಟಲ್ ಬಿಗಿದ ರೆಕ್ಕೆಯೊಂದಿಗೇ ಹಾರಲಾರಂಭಿಸಿತ್ತು. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಚೂರಾದದ್ದು ಎಡರೆಕ್ಕೆಯ ಮುಂದಂಚಿನಲ್ಲಾದ ತೂತಿನಿಂದ. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ರೆಕ್ಕೆಯನ್ನು ಕಾವಿನಿಂದ ದೂರವಿಡಬೇಕೆಂಬ ಹಳೆಯ ಹಂಬಲ ಎಷ್ಟು ಸರಿ ಎಂಬುದನ್ನು ಆ ದಿನ ನೆನೆಯದೆ ಇರಲಾಗಲಿಲ್ಲ.

ಮೂಡಿಗೆರೆ, ಕಳಸಗಳಿರುವ ನಮ್ಮ ಜಿಲ್ಲೆಗೆ ತಾಗಿದ ಚಿತ್ರದುರ್ಗದ ಚಳ್ಳಕೆರೆಯಲ್ಲಿ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಿಮಾನ ಪುಷ್ಪಕ್ 2024ರಲ್ಲಿ ಇಳಿಯುವ ಪಾಠ ಕಲಿಯಿತು. ಅದರಲ್ಲಿ ಇನ್ನೂ ಮನುಷ್ಯರಿಲ್ಲ. ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಿಂದ ಬಿಟ್ಟಾಗ, ತಾನೇ ದಾರಿ ತಿದ್ದಿಕೊಂಡು ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ರನ್‌ವೇ ಮುಟ್ಟಿತು. 2024ರ ಮಾರ್ಚ್ 22ರಂದು ಇಳಿದ ಒಡಲನ್ನೂ ಉಪಕರಣಗಳನ್ನೂ ಯಾವ ಬದಲಾವಣೆಯಿಲ್ಲದೆ ಜೂನ್ 23ರಂದು ಮತ್ತೆ ಇಳಿಸಿದರು.