ಟೇಬಲ್ ಟೆನ್ನಿಸಿನಲ್ಲಿ ಹೊಡೆತದ ಹೊತ್ತು ಮತ್ತು ಚೆಂಡಿನ ಸುತ್ತು

1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಟೇಬಲ್ ಟೆನ್ನಿಸ್ ಪಂದ್ಯಾವಳಿಯು ಏಷ್ಯಾ ಖಂಡದಲ್ಲಿ ಜರುಗಿದ ಮೊದಲನೆಯದು. ಅಲ್ಲಿ ಹಂಗೆರಿಯ ಯೋಜೆಫ್ ಕೋಚಿಯಾನ್ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದವರು ಜಪಾನಿನ ಹಿರೋಜಿ ಸಾಟೊ. ಅವರ ಬ್ಯಾಟಿಗೆ ಅಂಟಿಸಿದ್ದುದು ಆಗ ಸಾಮಾನ್ಯವಾಗಿದ್ದ, ಸಣ್ಣ ಗುಬುಟುಗಳುಳ್ಳ ರಬ್ಬರಲ್ಲ, ದಪ್ಪವಾದ ಸ್ಪಂಜು. ಇದನ್ನು ಬರಿಯ ಉಪಕರಣದ ಗೆಲುವೆಂದು ತಳ್ಳಿಹಾಕುವವರುಂಟು. ನಮಗೆ ಹಾಗೆ ತೋರದು.

ಹೊಡೆತದ ಹೊತ್ತು ಎಂದರೆ ಮೇಜಿನಿಂದ ಪುಟಿದ ಚೆಂಡನ್ನು ಅದು ಏರುತ್ತಿರುವಾಗಲೋ, ಶಿಖರದಲ್ಲಿರುವಾಗಲೋ, ಇಳಿಯುವಾಗಲೋ ಸಂಧಿಸುವ ಕ್ಷಣದ ಆಯ್ಕೆ. ಇದನ್ನು ಕಣ್ಣೊಂದೇ ನಿರ್ಣಯಿಸುವುದೆಂದು ನಾವು ನಂಬಿರುತ್ತೇವೆ. ಆದರೆ ಎದುರಾಳಿಯ ಬ್ಯಾಟಿಗೆ ಚೆಂಡು ತಗುಲಿದ ಸದ್ದೂ ಹೊಡೆತದ ಬಲವನ್ನು ತಿಳಿಸುತ್ತದೆ. ಅಭ್ಯಾಸದಿಂದ ಕೈಯು ಆ ಸದ್ದಿಗೇ ಹೊರಡಲು ಕಲಿತಿರುತ್ತದೆ. ಸಾಟೊ ಅವರ ಸ್ಪಂಜು ಆ ಸದ್ದನ್ನು ನುಂಗಿತು. ಚೆಂಡು ಅದರೊಳಗೆ ತುಸು ಹುದುಗಿ ಅನಿರೀಕ್ಷಿತ ವೇಗದಿಂದ ಚಿಮ್ಮುತ್ತಿತ್ತು. ಅಮೆರಿಕದ ಮಾರ್ಟಿ ರೀಸ್‌ಮನ್ ಅವರಂಥ ನಿಪುಣರೂ ಅದರ ಮುಂದೆ ಸೋತರು. ಅವರ ಕೌಶಲ ಕುಂದಿರಲಿಲ್ಲ. ಬಹುಕಾಲ ನೆಚ್ಚಿದ್ದ ಸೂಚನೆಯೊಂದು ಇಲ್ಲವಾಗಿತ್ತು.

ಸುತ್ತಿನ ವಿಷಯ ಇನ್ನೂ ತೊಡಕಿನದು. ಬ್ಯಾಟು ಚೆಂಡನ್ನು ಮೇಲ್ಮುಖವಾಗಿ ಸವರಿದರೆ ಟಾಪ್‌ಸ್ಪಿನ್, ಕೆಳಮುಖವಾಗಿ ಸವರಿದರೆ ಬ್ಯಾಕ್‌ಸ್ಪಿನ್. ಟಾಪ್‌ಸ್ಪಿನ್ನಿನ ಚೆಂಡನ್ನು ಗಾಳಿಯು ಕೆಳಕ್ಕೆ ಒತ್ತುವುದರಿಂದ ಅದು ಬೇಗನೆ ಬಾಗಿ ಇಳಿದು, ಪುಟಿದೊಡನೆ ಮುನ್ನುಗ್ಗುತ್ತದೆ. ಬ್ಯಾಟನ್ನು ನೆಟ್ಟಗೆ ಹಿಡಿದರೆ ಅದು ಮೇಲಕ್ಕೆ ಹಾರಿ ಮೇಜಿನಾಚೆ ಬೀಳುವುದು. ಆದ್ದರಿಂದ ಬ್ಯಾಟನ್ನು ಮುಂದಕ್ಕೆ ಬಾಗಿಸಿ, ಚೆಂಡು ಏರುತ್ತಿರುವಾಗಲೇ ಕಿರಿದಾದ ಚಲನೆಯಿಂದ ತಡೆಯಬೇಕು. ಬ್ಯಾಕ್‌ಸ್ಪಿನ್ನಿನದು ಇದಕ್ಕೆ ವಿಪರೀತ. ಅದು ತೇಲಿ ಬರುತ್ತದೆ, ಪುಟಿದು ನಿಧಾನಿಸುತ್ತದೆ, ಬ್ಯಾಟಿಗೆ ತಗುಲಿದೊಡನೆ ಬಲೆಯೊಳಕ್ಕೆ ಧುಮುಕುತ್ತದೆ. ಇಲ್ಲಿ ಬ್ಯಾಟನ್ನು ಹಿಂದಕ್ಕೆ ವಾಲಿಸಿ ಮೆಲ್ಲನೆ ತಳ್ಳಬೇಕು; ಇಲ್ಲವೆ ಚೆಂಡು ಶಿಖರದಿಂದ ತುಸು ಇಳಿಯುವವರೆಗೆ ತಾಳಿ, ಕೆಳಗಿನಿಂದ ಮೇಲಕ್ಕೆತ್ತಬೇಕು. ಆತುರಗಾರನು ಸೋಲುವುದು ಇಲ್ಲೇ. (ನಮ್ಮಲ್ಲಿ ಹಲವರು ಈ ತಾಳ್ಮೆಯನ್ನು ಕಲಿಯುವಷ್ಟರಲ್ಲಿ ಕಾಲೇಜಿನ ವ್ಯಾಸಂಗವೇ ಮುಗಿದಿತ್ತು.)

ಅಂತರರಾಷ್ಟ್ರೀಯ ಒಕ್ಕೂಟವು 1959ರಲ್ಲಿ ಬರಿಯ ಸ್ಪಂಜನ್ನು ನಿಷೇಧಿಸಿ, ರಬ್ಬರು ಹೊದಿಸಿದ ಸ್ಪಂಜಿಗೆ ಒಟ್ಟು 4 ಮಿಲಿಮೀಟರಿನ ಮಿತಿಯನ್ನು ವಿಧಿಸಿತು. ಕಿವಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಬ್ಯಾಟಿನ ಎರಡು ಪಕ್ಕಗಳಿಗೂ ಒಂದೇ ಬಣ್ಣದ, ಆದರೆ ಬೇರೆ ಬೇರೆ ಗುಣದ ರಬ್ಬರನ್ನು ಅಂಟಿಸಿ, ಕೈಯಲ್ಲೇ ಹೊರಳಿಸಿ ಎದುರಾಳಿಯನ್ನು ವಂಚಿಸುವುದು ಬಳಕೆಗೆ ಬಂದಿತು. ಸದ್ದಿನಿಂದ ಪಕ್ಕವನ್ನು ಗುರುತಿಸುವವರಿದ್ದುದರಿಂದ, ಸರ್ವಿಸಿನ ಕ್ಷಣದಲ್ಲಿ ನೆಲಕ್ಕೆ ಕಾಲನ್ನು ಅಪ್ಪಳಿಸಿ ಅದನ್ನೂ ಮುಚ್ಚುವವರು ಹುಟ್ಟಿಕೊಂಡರು! ಒಂದು ಪಕ್ಕ ಕೆಂಪು, ಇನ್ನೊಂದು ಕಪ್ಪು ಎಂಬ ನಿಯಮವು 1986ರಲ್ಲಿ ಜಾರಿಗೆ ಬಂದಮೇಲೆ ಈ ಹೂಟ ಬಹುಮಟ್ಟಿಗೆ ಅಡಗಿತು. ಈಗ ಕೆಂಪಿಗೆ ಬದಲಾಗಿ ಬೇರೆ ಕೆಲವು ಬಣ್ಣಗಳೂ ಸಲ್ಲುತ್ತವೆ.

ಸುತ್ತನ್ನು ಚೆಂಡಿನಲ್ಲೇ ಕಾಣಲು ಹೊರಡುವುದು ಹೊಸಬರಿಗೆ ಬಹುಮಟ್ಟಿಗೆ ವ್ಯರ್ಥ. ಎದುರಾಳಿಯ ಬ್ಯಾಟು ಚೆಂಡನ್ನು ತಾಕುವಾಗ ಯಾವ ದಿಕ್ಕಿಗೆ ಚಲಿಸಿತೆಂಬುದನ್ನು ನೋಡಬೇಕು. ಇದಕ್ಕೆ ವಿದ್ಯಾರ್ಥಿಗಳು ಒಂದು ಸುಲಭದ ಅಭ್ಯಾಸವನ್ನು ಮಾಡಬಹುದು. ಜೊತೆಗಾರನು ಎರಡು ಬಗೆಯ ಚೆಂಡುಗಳನ್ನೂ ಮನಬಂದಂತೆ ಕಳುಹಿಸುತ್ತಿರಲಿ. ಆಡುವವನು ಪ್ರತಿಸಲವೂ ಚೆಂಡು ಬಲೆಯನ್ನು ದಾಟುವ ಮೊದಲೇ ಅದರ ಸುತ್ತನ್ನು ಗಟ್ಟಿಯಾಗಿ ಹೇಳಲಿ. ದಾಟಿದಮೇಲೆ ಹೇಳಿದ ಉತ್ತರವು ಸರಿಯಾಗಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.