ಹಲ್ಲಿನ ಆರೋಗ್ಯದಲ್ಲಿ ಫ್ಲೋರೈಡ್‌ನ ಪಾತ್ರ ಮತ್ತು ಸುರಕ್ಷಿತ ಬಳಕೆ

ಫ್ಲೋರೈಡ್ ಎಂಬುದು ಶಿಲೆ, ಮಣ್ಣು ಹಾಗೂ ಅಂತರ್ಜಲದಲ್ಲಿ ಸ್ವಾಭಾವಿಕವಾಗಿ ಇರುವ ಖನಿಜಾಂಶವಾಗಿದೆ. ಮಿತ ಪ್ರಮಾಣದಲ್ಲಿ ಅದು ಹಲ್ಲನ್ನು ಹುಳುಕಿನಿಂದ ರಕ್ಷಿಸುತ್ತದೆ; ಮಿತಿ ಮೀರಿದಲ್ಲಿ ಅದೇ ಹಲ್ಲನ್ನು ಕೆಡಿಸುತ್ತದೆ. ಆದುದರಿಂದ ಪ್ರತಿಯೊಂದು ಕುಟುಂಬವೂ ತಾನು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಮೊದಲು ತಿಳಿಯುವುದು ಅವಶ್ಯಕ.

ಫ್ಲೋರೈಡ್‌ನಿಂದಾಗುವ ಪ್ರಯೋಜನ

ಸಿಹಿ ಪದಾರ್ಥಗಳನ್ನು ಸೇವಿಸಿದಾಗ ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವನ್ನು ಉತ್ಪಾದಿಸುತ್ತವೆ. ಈ ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲ್‌ನ ಖನಿಜಗಳನ್ನು ಕರಗಿಸುತ್ತದೆ. ಜೊಲ್ಲಿನಲ್ಲಿ ಅಲ್ಪ ಪ್ರಮಾಣದ ಫ್ಲೋರೈಡ್ ಇದ್ದಲ್ಲಿ ಖನಿಜಗಳು ಎನಾಮಲ್‌ಗೆ ಮರಳಿ ಸೇರಲು ನೆರವಾಗುತ್ತದೆ. ಈ ಪ್ರಯೋಜನವು ಮುಖ್ಯವಾಗಿ ಫ್ಲೋರೈಡ್ ಹಲ್ಲಿನ ಮೇಲ್ಮೈಗೆ ತಾಗುವುದರಿಂದ ದೊರೆಯುತ್ತದೆಯೇ ಹೊರತು ನುಂಗುವುದರಿಂದಲ್ಲ.

ದಂತ ಫ್ಲೋರೋಸಿಸ್ ಎಂದರೇನು?

ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಅವಧಿಯಲ್ಲಿ, ಅಂದರೆ ಸುಮಾರು 8 ವರ್ಷದವರೆಗೆ, ಮಗುವಿನ ದೇಹಕ್ಕೆ ಅಧಿಕ ಫ್ಲೋರೈಡ್ ಸೇರಿದಲ್ಲಿ ಎನಾಮಲ್ ಸರಿಯಾಗಿ ಬೆಳೆಯುವುದಿಲ್ಲ. ಸುಣ್ಣದಂತಹ ಬಿಳಿ ಮಚ್ಚೆಗಳು, ಹಳದಿ ಅಥವಾ ಕಂದು ಬಣ್ಣದ ಅಡ್ಡಪಟ್ಟಿಗಳು ಇದರ ಲಕ್ಷಣಗಳು. ಈ ಕಲೆಗಳು ಉಜ್ಜುವುದರಿಂದ ಹೋಗುವುದಿಲ್ಲ. ಆದ್ದರಿಂದ ಮಗು ಹಲ್ಲುಜ್ಜುವುದಿಲ್ಲವೆಂದು ನಿಂದಿಸುವುದು ಸರಿಯಲ್ಲ. ಹಿರಿಯ ಮಗುವಿನಲ್ಲಿ ಇಂತಹ ಕಲೆ ಕಂಡುಬಂದಲ್ಲಿ ಕೂಡಲೇ ನೀರನ್ನು ಪರೀಕ್ಷಿಸಿ ಬದಲಾಯಿಸಿದರೆ ಕಿರಿಯ ಮಗುವಿನ ಹಲ್ಲನ್ನು ಉಳಿಸಿಕೊಳ್ಳಬಹುದು. ಇಂತಹ ನೀರನ್ನು ಹಲವು ವರ್ಷ ಕುಡಿದವರಲ್ಲಿ ಕೀಲು ಮತ್ತು ಬೆನ್ನುಮೂಳೆ ಬಿಗಿಯುವ ಸಂಭವವೂ ಇದೆ.

ನೀರಿನಲ್ಲಿ ಎಷ್ಟಿರಬೇಕು?

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಪ್ರತಿ ಲೀಟರ್ ಕುಡಿಯುವ ನೀರಿನಲ್ಲಿ 1.0 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ ಮಿತಿಯಾಗಿದೆ. ಬೇರೆ ಜಲಮೂಲ ಇಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿರುವುದು ಕಂಡುಬಂದಿದೆ. ಫ್ಲೋರೈಡ್‌ಗೆ ಬಣ್ಣ, ವಾಸನೆ ಇಲ್ಲವಾದುದರಿಂದ ಪರೀಕ್ಷೆಯೊಂದೇ ಮಾರ್ಗ.

ನೀರಿನ ಪರೀಕ್ಷೆ ಮಾಡಿಸುವ ವಿಧಾನ

1. ಕೊಳವೆಬಾವಿಯ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು, ಅದೇ ನೀರಿನಿಂದ ತೊಳೆದ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಸಂಗ್ರಹಿಸುವುದು.
2. ಗ್ರಾಮ, ಜಲಮೂಲ ಹಾಗೂ ದಿನಾಂಕವನ್ನು ಬಾಟಲಿಯ ಮೇಲೆ ಬರೆಯುವುದು.
3. ಗ್ರಾಮ ಪಂಚಾಯಿತಿಯನ್ನು ಅಥವಾ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು ಸಂಪರ್ಕಿಸಿ ಮಾದರಿಯನ್ನು ನೀಡುವುದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

* ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಕ್ಲೋರಿನ್ ಹಾಕುವುದರಿಂದಲೂ ಪ್ರಯೋಜನವಿಲ್ಲ.
* ಮಿತಿ ಮೀರಿದ ನೀರನ್ನು ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಕುಡಿಯಲು ಮತ್ತು ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಅಥವಾ ಶುಚಿಯಾಗಿ ಸಂಗ್ರಹಿಸಿ ಶುದ್ಧೀಕರಿಸಿದ ಮಳೆನೀರನ್ನು ಬಳಸುವುದು.
* ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಮುಂತಾದ ಕ್ಯಾಲ್ಸಿಯಂ ಹಾಗೂ ಸಿ ಜೀವಸತ್ವವುಳ್ಳ ಆಹಾರವನ್ನು ಮಕ್ಕಳಿಗೆ ನೀಡುವುದು.

ಟೂತ್‌ಪೇಸ್ಟ್ ಬಳಕೆ

ನೀರಿನಲ್ಲಿ ಫ್ಲೋರೈಡ್ ಮಿತಿಯೊಳಗಿದ್ದಲ್ಲಿ ಫ್ಲೋರೈಡ್‌ಯುಕ್ತ ಟೂತ್‌ಪೇಸ್ಟ್‌ನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು ಹಿತಕರ. 3 ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಮಕ್ಕಳು ಅದನ್ನು ನುಂಗದೆ ಉಗುಳುವಂತೆ ಪೋಷಕರು ಹತ್ತಿರವಿದ್ದು ನೋಡಿಕೊಳ್ಳಬೇಕು. ನೀರಿನಲ್ಲಿ ಫ್ಲೋರೈಡ್ ಅಧಿಕವಿರುವ ಗ್ರಾಮಗಳಲ್ಲಿ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಬಳಸಬೇಕೆಂಬುದನ್ನು ದಂತವೈದ್ಯರಲ್ಲಿ ವಿಚಾರಿಸಿ ನಿರ್ಧರಿಸುವುದು.

ಈಗಾಗಲೇ ಕಲೆಗಳು ಮೂಡಿರುವವರು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಳ್ಳಬಹುದು. ಚಿಕಿತ್ಸೆಯಿಂದ ಕಲೆಯ ತೀವ್ರತೆಯನ್ನು ತಗ್ಗಿಸಲು ಸಾಧ್ಯವಾದರೂ ಕೆಟ್ಟ ಎನಾಮಲ್ ಮೊದಲಿನಂತಾಗುವುದಿಲ್ಲ. ಆದುದರಿಂದ ಮಗುವಿನ ಮೊದಲ 8 ವರ್ಷಗಳಲ್ಲಿ ಸುರಕ್ಷಿತ ನೀರನ್ನು ಒದಗಿಸುವುದೇ ಇದಕ್ಕೆ ಮುಖ್ಯ ಪರಿಹಾರವಾಗಿದೆ.