ಹೆಸರಿಗೆ ಪುಡಿಂಗ್, ಒಳಗೆಲ್ಲ ಮಾಂಸದ ಕೊಬ್ಬು: ಇಂಗ್ಲಿಷರ ಭಾನುವಾರದ ಊಟ

ಇಂಗ್ಲೆಂಡಿನ ಮನೆಗಳಲ್ಲೂ ಪಬ್‌ಗಳಲ್ಲೂ ಭಾನುವಾರ ಮಧ್ಯಾಹ್ನ ಬಡಿಸುವ ಸಾಂಪ್ರದಾಯಿಕ ತಟ್ಟೆಯ ಸ್ವರೂಪ ಬಹುತೇಕ ಒಂದೇ. ಹೊರಗೆ ಕಂದು, ಒಳಗೆ ನಸುಗೆಂಪು ಇರುವಂತೆ ಬೆಂದ ದನದ ಮಾಂಸದ ತೆಳು ಹೋಳುಗಳು, ಗರಿಗರಿಯಾದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್ ಹಾಗೂ ಕೋಸು, ಮೇಲೆ ಸುರಿಯಲು ಕಂದು ಬಣ್ಣದ ಗ್ರೇವಿ. ಇವುಗಳ ಪಕ್ಕದಲ್ಲಿ ಬಟ್ಟಲಿನ ಆಕಾರದಲ್ಲಿ ಉಬ್ಬಿ, ನಡುವೆ ಕುಸಿದ ಹೊಂಬಣ್ಣದ ತಿನಿಸೊಂದು ಇರುತ್ತದೆ. ಅದೇ ಯಾರ್ಕ್‌ಷೈರ್ ಪುಡಿಂಗ್.

ಪುಡಿಂಗ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹಾಲು, ಸಕ್ಕರೆಯ ಸಿಹಿ ತಿನಿಸು. ಇದರಲ್ಲಿ ಸಕ್ಕರೆಯ ಸುಳಿವೂ ಇಲ್ಲ. ಮೈದಾ, ಮೊಟ್ಟೆ, ಹಾಲು, ಚಿಟಿಕೆ ಉಪ್ಪು ಬೆರೆಸಿದ ತೆಳು ಹಿಟ್ಟು ಇದರ ಮೂಲದ್ರವ್ಯ. ವ್ಯಾಸಂಗಕ್ಕೋ ಉದ್ಯೋಗಕ್ಕೋ ಇಂಗ್ಲೆಂಡಿಗೆ ತೆರಳಿದವರು ಮಾಂಸದ ಹೋಳುಗಳನ್ನು ಬದಿಗೆ ಸರಿಸಿ, ನಿರಪಾಯಕಾರಿ ಎಂದುಕೊಂಡು ಈ ಪುಡಿಂಗನ್ನೂ ಆಲೂಗಡ್ಡೆಯನ್ನೂ ತಿನ್ನುವುದು ಅಸಂಭವವೇನಲ್ಲ. ಆದರೆ ಸಂಪ್ರದಾಯದ ಪ್ರಕಾರ ಇವೆರಡೂ ಬೇಯುವುದು ಅದೇ ದನದ ಮಾಂಸದಿಂದ ಕರಗಿ ಇಳಿದ ಕೊಬ್ಬಿನಲ್ಲಿ. ಗ್ರೇವಿಯಂತೂ ಮಾಂಸದ ರಸದಿಂದಲೇ ಆದದ್ದು. ತಟ್ಟೆಯಲ್ಲಿ ಸಸ್ಯಾಹಾರದಂತೆ ತೋರುವ ಪದಾರ್ಥವೇ ಮಾಂಸಕ್ಕೆ ಅತ್ಯಂತ ನಿಕಟವಾದದ್ದು ಎಂಬುದು ಈ ಊಟದ ವೈಶಿಷ್ಟ್ಯ. ಹೀಗೇಕೆ ಎಂದು ತಿಳಿಯಲು ಓವನ್ ಇಲ್ಲದಿದ್ದ ಕಾಲಕ್ಕೆ ಹೋಗಬೇಕು.

ರೋಸ್ಟ್ ಎಂಬ ಪದದ ಹಳೆಯ ಅರ್ಥ, ಉರಿಯುವ ಬೆಂಕಿಯ ಎದುರು ಮಾಂಸವನ್ನು ತಿರುಗಿಸುತ್ತ ಬೇಯಿಸುವುದು. ದೊಡ್ಡ ಮಾಂಸದ ತುಂಡನ್ನು ಕಬ್ಬಿಣದ ಸಲಾಕೆಗೆ ಚುಚ್ಚಿ ಗಂಟೆಗಟ್ಟಲೆ ತಿರುಗಿಸಬೇಕಿತ್ತು. ಅದಕ್ಕೆ ಹುಡುಗರನ್ನು ನೇಮಿಸುತ್ತಿದ್ದರು. ಮುಂದೆ ಗೋಡೆಗೆ ಜೋಡಿಸಿದ ಚಕ್ರದೊಳಗೆ ಗಿಡ್ಡ ಕಾಲಿನ ನಾಯಿಗಳನ್ನು ಓಡಿಸಿ ಸಲಾಕೆ ತಿರುಗಿಸಿದ್ದೂ ಉಂಟು. ಆ ತಳಿ ಈಗ ಅಳಿದುಹೋಗಿದೆ. ವೇಲ್ಸ್‌ನ ಅಬರ್ಗವೆನ್ನಿ ವಸ್ತುಸಂಗ್ರಹಾಲಯದಲ್ಲಿ ಅಂತಹ ಒಂದು ನಾಯಿಯ ಸಂರಕ್ಷಿತ ದೇಹವನ್ನು ಇಂದಿಗೂ ಕಾಣಬಹುದು.

ಹೀಗೆ ತಿರುಗುವ ಮಾಂಸದಿಂದ ಕೊಬ್ಬು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಅದು ಬೆಂಕಿಗೆ ಬಿದ್ದು ಪೋಲಾಗದಂತೆ ಕೆಳಗೆ ತಟ್ಟೆಯೊಂದನ್ನು ಇಡುತ್ತಿದ್ದರು. ತಟ್ಟೆಯಲ್ಲಿ ಹಿಟ್ಟನ್ನು ಹುಯ್ದರೆ ಕೊಬ್ಬೂ ದಕ್ಕಿತು, ಹೊಟ್ಟೆಯೂ ತುಂಬಿತು. 1737ರಲ್ಲಿ ಪ್ರಕಟವಾದ ‘ದಿ ಹೋಲ್ ಡ್ಯೂಟಿ ಆಫ್ ಎ ವುಮನ್’ ಎಂಬ ಪುಸ್ತಕದಲ್ಲಿ ಈ ವಿಧಾನ ‘ಡ್ರಿಪ್ಪಿಂಗ್ ಪುಡಿಂಗ್’ ಎಂಬ ಹೆಸರಿನಲ್ಲಿ ದಾಖಲಾಗಿದೆ. ಹತ್ತು ವರ್ಷಗಳ ನಂತರ, 1747ರಲ್ಲಿ, ಹ್ಯಾನಾ ಗ್ಲಾಸ್ ತಮ್ಮ ‘ದಿ ಆರ್ಟ್ ಆಫ್ ಕುಕರಿ’ ಗ್ರಂಥದಲ್ಲಿ ಅದನ್ನು ಯಾರ್ಕ್‌ಷೈರ್ ಪುಡಿಂಗ್ ಎಂದು ಕರೆದರು. ಗಮನಿಸಬೇಕಾದ ಸಂಗತಿಯೆಂದರೆ, 1737ರ ಪುಸ್ತಕ ಹಿಟ್ಟಿನ ತಟ್ಟೆಯನ್ನು ಇಡಲು ಹೇಳಿದ್ದು ಕುರಿಯ ಭುಜದ ಮಾಂಸದ ಕೆಳಗೆ, ದನದ ಮಾಂಸದ ಕೆಳಗಲ್ಲ.

ಯಾರ್ಕ್‌ಷೈರ್‌ನ ಮನೆಗಳಲ್ಲಿ ಈ ಪುಡಿಂಗನ್ನು ಮಾಂಸದ ಜೊತೆಗಲ್ಲ, ಮಾಂಸಕ್ಕಿಂತ ಮೊದಲೇ ಗ್ರೇವಿಯೊಡನೆ ಬಡಿಸುವುದು ರೂಢಿಯಾಗಿತ್ತು. ಇದು ಅತಿಥಿ ಸತ್ಕಾರದ ಕ್ರಮವಲ್ಲ, ಲೆಕ್ಕಾಚಾರ. ಹಿಟ್ಟಿನಿಂದ ಅರ್ಧ ಹೊಟ್ಟೆ ತುಂಬಿದವರು ದುಬಾರಿ ಮಾಂಸವನ್ನು ಕಡಿಮೆ ತಿನ್ನುತ್ತಾರೆ. ನೆಂಟರು ಹೆಚ್ಚಾದಾಗ ಸಾರಿಗೆ ನೀರು ಬೆರೆಸುವ ನಮ್ಮ ಗೃಹಿಣಿಯರಿಗೆ ಈ ಜಾಣ್ಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ದೊಡ್ಡ ಒಲೆಯೇ ಇಲ್ಲದ ಬಡವರ ದಾರಿ ಬೇರೆಯಿತ್ತು. ಭಾನುವಾರ ಬ್ರೆಡ್ ಬೇಯಿಸುವ ಕೆಲಸವಿಲ್ಲದ ಬೇಕರಿಗಳ ಒಲೆ ಇನ್ನೂ ಬಿಸಿಯಾಗಿರುತ್ತಿತ್ತು. ಚರ್ಚಿಗೆ ಹೋಗುವಾಗ ಮಾಂಸದ ತಟ್ಟೆಯನ್ನು ಅಲ್ಲಿ ಕೊಟ್ಟು, ಪ್ರಾರ್ಥನೆ ಮುಗಿಸಿ ಬರುವಾಗ ಬೆಂದ ಊಟವನ್ನು ಒಯ್ಯುತ್ತಿದ್ದರು. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯಲ್ಲಿ ಬಡಜನರು ಹೀಗೆ ಬೇಕರಿಗೆ ಊಟ ಹೊತ್ತೊಯ್ಯುವ ಚಿತ್ರವಿದೆ.

ಇತ್ತ ಮಾಂಸ ರಾಷ್ಟ್ರೀಯ ಅಭಿಮಾನದ ವಸ್ತುವಾಗಿ ಬೆಳೆಯುತ್ತಿತ್ತು. ಹೆನ್ರಿ ಫೀಲ್ಡಿಂಗ್ 1731ರಲ್ಲಿ ತನ್ನ ನಾಟಕಕ್ಕಾಗಿ ಇಂಗ್ಲೆಂಡಿನ ರೋಸ್ಟ್ ಬೀಫ್ ಕುರಿತೇ ಹಾಡು ಬರೆದ. ವಿಲಿಯಂ ಹೋಗಾರ್ತ್ 1748ರಲ್ಲಿ ರಚಿಸಿದ ಚಿತ್ರದಲ್ಲಿ ಇಂಗ್ಲಿಷ್ ಮಾಂಸದ ಭಾರೀ ತುಂಡೊಂದನ್ನು ಫ್ರಾನ್ಸಿನ ಕ್ಯಾಲೆ ಬಂದರಿನ ಹಸಿದ ಸೈನಿಕರು ಆಸೆಗಣ್ಣಿನಿಂದ ನೋಡುತ್ತಾರೆ. ಫ್ರೆಂಚರೇನೂ ಸುಮ್ಮನಿರಲಿಲ್ಲ, ಇಂಗ್ಲಿಷರಿಗೆ ಅವರಿಟ್ಟ ಅಡ್ಡಹೆಸರು ‘ರೋಸ್‌ಬಿಫ್’.

ಈಗ ಅಡುಗೆಯ ಮಾತು. ಇಂದು ಸಲಾಕೆಯ ಸ್ಥಾನವನ್ನು ಓವನ್ ಆಕ್ರಮಿಸಿದೆ. ರೋಸ್ಟ್‌ಗೆ ಶ್ರೇಷ್ಠವೆಂದು ಪರಿಗಣಿಸುವುದು ಮೂಳೆಸಹಿತವಾದ ಪಕ್ಕೆಯ ಭಾಗ ಅಥವಾ ಬೆನ್ನಿನ ಸರ್ಲಾಯ್ನ್. ತೊಡೆಯ ಭಾಗವಾದ ಟಾಪ್‌ಸೈಡ್ ಅಗ್ಗ, ಆದರೆ ಕೊಬ್ಬು ಕಡಿಮೆ. ಎರಡೂವರೆ ಕಿಲೋ ತೂಕದ ಪಕ್ಕೆಯ ತುಂಡು ಐದಾರು ಮಂದಿಗೆ ಸಾಕು. ಅದನ್ನು ಫ್ರಿಜ್‌ನಿಂದ ಒಂದು ಗಂಟೆ ಮೊದಲೇ ತೆಗೆದು, ಮೇಲಿನ ತೇವವನ್ನು ಒರೆಸಿ, ಉಪ್ಪು ಮತ್ತು ಮೆಣಸಿನ ಪುಡಿ ಸವರಿ, ಕೊಬ್ಬಿನ ಭಾಗ ಮೇಲೆ ಬರುವಂತೆ ಇಡುತ್ತಾರೆ. ಮೊದಲ 20 ನಿಮಿಷ ಓವನ್ ಶಾಖ 230 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಬಳಿಕ 190ಕ್ಕೆ ಇಳಿಸಿ, ಒಳಗೆ ಕೆಂಪು ಉಳಿಯಬೇಕೆಂದರೆ ಪ್ರತಿ 450 ಗ್ರಾಂಗೆ 15 ನಿಮಿಷದಂತೆ ಲೆಕ್ಕ ಹಾಕುತ್ತಾರೆ. ಆದರೆ ಗಡಿಯಾರಕ್ಕಿಂತ ಮಾಂಸದ ನಡುವಿಗೆ ಚುಚ್ಚುವ ಉಷ್ಣಮಾಪಕವೇ ಹೆಚ್ಚು ನಂಬಲರ್ಹ. 50 ಡಿಗ್ರಿಯ ಆಸುಪಾಸಿನಲ್ಲಿ ತೆಗೆದರೆ ಒಳಗೆ ಕೆಂಪು, 60ರ ಹತ್ತಿರ ನಸುಗೆಂಪು, 70 ದಾಟಿದರೆ ಪೂರ್ತಿ ಬೂದುಗಂದು.

ಆರಂಭದ ತೀವ್ರ ಶಾಖ ಮಾಂಸದ ರಂಧ್ರಗಳನ್ನು ಮುಚ್ಚಿ ರಸವನ್ನು ಒಳಗೇ ಹಿಡಿದಿಡುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅದನ್ನು ಪ್ರಚುರಪಡಿಸಿದವರು 19ನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್. ಅದು ನಿಜವಲ್ಲವೆಂದು ಪ್ರಯೋಗಗಳು ತೋರಿಸಿವೆ. ಕಂದು ಹೊರಪದರದಿಂದಲೂ ರಸ ಹೊರಬರುತ್ತಲೇ ಇರುತ್ತದೆ. ಶಾಖದಿಂದ ದೊರೆಯುವ ನಿಜವಾದ ಲಾಭ ರುಚಿ ಮತ್ತು ಪರಿಮಳ. ಸುಮಾರು 140 ಡಿಗ್ರಿ ದಾಟಿದ ಮೇಲೆ ಮಾಂಸದ ಅಮೈನೊ ಆಮ್ಲಗಳೂ ಸಕ್ಕರೆಯ ಅಂಶಗಳೂ ಸೇರಿ ನೂರಾರು ಹೊಸ ಸಂಯುಕ್ತಗಳು ಬೇಗಬೇಗನೆ ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ನಮ್ಮ ದೋಸೆಯ ಹೊಂಬಣ್ಣಕ್ಕೂ ಕಾರಣ.

ಒಳಗೆ ಕೆಂಪಾಗಿರುವ ಮಾಂಸ ಸುರಕ್ಷಿತವೇ ಎಂಬ ಪ್ರಶ್ನೆ ಸಹಜ. ಇಡಿಯಾದ ತುಂಡಿನಲ್ಲಿ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಹೊರಮೈಯಲ್ಲಿರುತ್ತವೆ, ಅದು ಚೆನ್ನಾಗಿ ಬೆಂದರೆ ಸಾಕು ಎಂಬುದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯ ನಿಲುವು. ಸುರುಳಿ ಸುತ್ತಿ ದಾರ ಕಟ್ಟಿದ ತುಂಡಿಗೆ ಈ ವಿನಾಯಿತಿ ಇಲ್ಲ. ಅಲ್ಲಿ ಹೊರಮೈಯೇ ಒಳಗೆ ಸೇರಿರುವುದರಿಂದ ನಡುವಿನವರೆಗೂ ಪೂರ್ತಿ ಬೇಯಲೇಬೇಕು.

ಬೆಂದ ಮಾಂಸವನ್ನು ಕೂಡಲೇ ಕೊಯ್ಯುವಂತಿಲ್ಲ. ಅರ್ಧ ಗಂಟೆ ಹಾಗೆಯೇ ಬಿಡಬೇಕು. ಆ ಅವಧಿಯಲ್ಲಿ ಒಳಗಿನ ಶಾಖ ಇನ್ನೂ ಕೆಲವು ಡಿಗ್ರಿ ಏರಿ ನಂತರ ಇಳಿಯುತ್ತದೆ. ರಸ ಗಟ್ಟಿಯಾಗಿ, ಕೊಯ್ದಾಗ ಹರಿದುಹೋಗುವುದು ತಗ್ಗುತ್ತದೆ. ಪುಡಿಂಗ್‌ಗೆ ಬೇಕಾದ ಖಾಲಿ ಓವನ್ ಹಾಗೂ ಬಿಸಿ ಕೊಬ್ಬು ಎರಡೂ ದೊರೆಯುವುದು ಸರಿಯಾಗಿ ಈ ಅರ್ಧ ಗಂಟೆಯಲ್ಲಿ. ಇಡೀ ಊಟದ ಜೀವಾಳವೇ ಈ ಹೊಂದಾಣಿಕೆ.

ಪುಡಿಂಗ್‌ಗೆ ಬಹುಮಂದಿ ಅನುಸರಿಸುವ ಸರಳ ಅಳತೆ ಮೈದಾ, ಮೊಟ್ಟೆ, ಹಾಲು ಸಮಪ್ರಮಾಣ. ಒಂದು ಲೋಟ ಮೊಟ್ಟೆಯಾದರೆ ಅದೇ ಲೋಟದಲ್ಲಿ ಒಂದು ಲೋಟ ಹಾಲು, ಒಂದು ಲೋಟ ಮೈದಾ. ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆಯಾದರೂ ನೆನೆಯಲು ಬಿಡುತ್ತಾರೆ. ಹದ ನೀರ್ ದೋಸೆಯ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಪಾತ್ರೆ ನಮ್ಮ ಪಡ್ಡಿನ ಕಾವಲಿಯ ದೂರದ ಸಂಬಂಧಿಯಂತಿರುತ್ತದೆ. 12 ಗುಳಿಗಳ ಆ ಲೋಹದ ಅಚ್ಚಿಗೆ ತಲಾ ಒಂದು ಚಮಚೆ ಕೊಬ್ಬು ಹಾಕಿ, 220 ಡಿಗ್ರಿಯ ಓವನ್‌ನಲ್ಲಿ ಹೊಗೆಯಾಡುವವರೆಗೆ ಕಾಯಿಸಿ, ಹಿಟ್ಟನ್ನು ತಡಮಾಡದೆ ಹುಯ್ಯಬೇಕು. ಹುಯ್ದಾಗ ಚುರ್ ಎನ್ನದಿದ್ದರೆ ಪುಡಿಂಗ್ ಕೆಟ್ಟಿತೆಂದೇ ತಿಳಿಯಬೇಕು.

ಇದರಲ್ಲಿ ಸೋಡಾ ಇಲ್ಲ, ಹುದುಗೂ ಇಲ್ಲ. ಉಬ್ಬಿಸುವುದು ಬರಿಯ ಹಬೆ. ಪೂರಿ ಉಬ್ಬುವುದಕ್ಕೂ ಇದೇ ಕಾರಣ. ಕಾದ ಕೊಬ್ಬು ತಾಗಿದೊಡನೆ ಅಂಚು ಗಟ್ಟಿಯಾಗುತ್ತದೆ, ನಡುವಿನ ನೀರಿನಂಶ ಹಬೆಯಾಗಿ ಹಿಟ್ಟನ್ನು ಮೇಲಕ್ಕೆ ತಳ್ಳುತ್ತದೆ, ಮೊಟ್ಟೆಯ ಪ್ರೋಟೀನು ಮತ್ತು ಗೋಧಿಯ ಅಂಟು ಗೋಡೆಗಳಾಗಿ ನಿಲ್ಲುತ್ತವೆ. ಈ ಗೋಡೆಗಳು ಗಟ್ಟಿಯಾಗುವ ಮೊದಲೇ ಕುತೂಹಲಕ್ಕೆಂದು ಓವನ್ ಬಾಗಿಲು ತೆರೆದರೆ ಎಲ್ಲವೂ ಕುಸಿಯುತ್ತದೆ. 20ರಿಂದ 25 ನಿಮಿಷ ಸಂಯಮ ಅಗತ್ಯ. ನಾಲ್ಕು ಅಂಗುಲಕ್ಕಿಂತ ಕಡಿಮೆ ಎತ್ತರ ಉಬ್ಬಿದ್ದು ಯಾರ್ಕ್‌ಷೈರ್ ಪುಡಿಂಗೇ ಅಲ್ಲ ಎಂದು ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2008ರಲ್ಲಿ ಘೋಷಿಸಿತ್ತು. ರಸಾಯನಶಾಸ್ತ್ರಜ್ಞರ ಸಂಸ್ಥೆಯೊಂದು ತಿಂಡಿಯ ಎತ್ತರದ ಬಗ್ಗೆ ತೀರ್ಪು ನೀಡಿದ್ದು ವಿನೋದವೇ ಸರಿ. ಹ್ಯಾನಾ ಗ್ಲಾಸ್ ಕಾಲದ, ತಟ್ಟೆಯಗಲ ಹರಡಿಕೊಂಡ ಪುಡಿಂಗ್ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಅನುಮಾನ.

ಆಲೂಗಡ್ಡೆಗೆ ಹಿಟ್ಟುಹಿಟ್ಟಾದ ಮಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್ ತಳಿ ಬಳಸುತ್ತಾರೆ. ಹತ್ತು ನಿಮಿಷ ಕುದಿಸಿ, ನೀರು ಬಸಿದು, ಪಾತ್ರೆಯಲ್ಲೇ ಕುಲುಕಿ ಮೈ ತರಿತರಿಯಾಗಿಸಿ ಬಿಸಿ ಕೊಬ್ಬಿಗೆ ಹಾಕಿದರೆ ಸುಮಾರು ಒಂದು ಗಂಟೆಯಲ್ಲಿ ಗರಿಗರಿಯಾಗುತ್ತದೆ. ಒಂದೂವರೆಗೆ ಊಟವೆಂದರೆ ಎರಡೂವರೆ ಕಿಲೋ ಮಾಂಸ 11.10ಕ್ಕೆ ಓವನ್ ಸೇರಬೇಕು, ಆಲೂಗಡ್ಡೆ 12.30ಕ್ಕೆ. ಮಾಂಸ 12.55ಕ್ಕೆ ಹೊರಬಂದೊಡನೆ ಶಾಖ ಏರಿಸಿ ಪುಡಿಂಗ್ ಅಚ್ಚನ್ನು ಕಾಯಲಿಡಬೇಕು. ಹಿಟ್ಟು ಹುಯ್ಯುವುದು 1.05ಕ್ಕೆ. ಮಾಂಸ ಬೆಂದ ತಟ್ಟೆಯ ತಳದಲ್ಲಿ ಅಂಟಿದ್ದನ್ನು ಒಂದಿಷ್ಟು ಮೈದಾ, ಮೂಳೆಯ ಸಾರಿನೊಂದಿಗೆ ಕೆರೆದು ಕುದಿಸಿದರೆ ಗ್ರೇವಿ. ಪಕ್ಕಕ್ಕೆ ಹಾರ್ಸ್‌ರ‍್ಯಾಡಿಶ್ ಎಂಬ ಬೇರನ್ನು ತುರಿದು ಕ್ರೀಮ್‌ಗೆ ಬೆರೆಸಿದ ಚಟ್ನಿ. ಅದು ಸಾಸಿವೆಯ ಕುಟುಂಬಕ್ಕೇ ಸೇರಿದ್ದು, ಮೂಗಿಗೆ ಏರುವ ಘಾಟೂ ಸಾಸಿವೆಯದೇ.

ಈ ಊಟ ಎರಡು ಬಾರಿ ದೇಶದ ತಟ್ಟೆಯಿಂದ ಜಾರಿತ್ತು. ಎರಡನೆಯ ಮಹಾಯುದ್ಧದ ಕಾರಣ 1940ರಲ್ಲಿ ಆರಂಭವಾದ ಮಾಂಸದ ಪಡಿತರ ಮುಗಿದದ್ದು 1954ರ ಜುಲೈನಲ್ಲಿ. ಹದಿನಾಲ್ಕು ವರ್ಷ ಭಾನುವಾರದ ದೊಡ್ಡ ತುಂಡು ಬಹುತೇಕ ಮನೆಗಳಿಗೆ ಕನಸಾಗಿತ್ತು. ಎರಡನೆಯ ಪೆಟ್ಟು ಹೆಚ್ಚು ಭೀಕರ. 1986ರಲ್ಲಿ ಬ್ರಿಟನ್ನಿನ ಜಾನುವಾರುಗಳಲ್ಲಿ ಮಿದುಳನ್ನು ಜಾಳುಜಾಳಾಗಿಸುವ ರೋಗ ಪತ್ತೆಯಾಯಿತು. ಹುಲ್ಲು ತಿನ್ನುವ ಪ್ರಾಣಿಗೆ ಸತ್ತ ಪ್ರಾಣಿಗಳ ಮಾಂಸ ಹಾಗೂ ಮೂಳೆಯ ಪುಡಿಯನ್ನು ಮೇವಿನಲ್ಲಿ ಬೆರೆಸಿ ತಿನ್ನಿಸಿದ್ದೇ ರೋಗ ಹರಡಲು ಕಾರಣವಾಗಿತ್ತು. ಅಪಾಯವಿಲ್ಲವೆಂದು ವರ್ಷಗಟ್ಟಲೆ ಭರವಸೆ ನೀಡಿದ್ದ ಸರ್ಕಾರ 1996ರ ಮಾರ್ಚ್‌ನಲ್ಲಿ, ಮನುಷ್ಯರ ಮಾರಕ ಮಿದುಳು ರೋಗವೊಂದಕ್ಕೂ ಇದಕ್ಕೂ ಸಂಬಂಧವಿರುವ ಸಂಭವವನ್ನು ಒಪ್ಪಿಕೊಂಡಿತು. ಐರೋಪ್ಯ ಒಕ್ಕೂಟ ಅದೇ ತಿಂಗಳು ಬ್ರಿಟಿಷ್ ದನದ ಮಾಂಸದ ರಫ್ತನ್ನು ನಿಷೇಧಿಸಿತು. ಲಕ್ಷಾಂತರ ಜಾನುವಾರುಗಳನ್ನು ಕೊಲ್ಲಲಾಯಿತು. ಬ್ರಿಟನ್ನಿನಲ್ಲಿ 170ಕ್ಕೂ ಹೆಚ್ಚು ಜನ ಆ ರೋಗಕ್ಕೆ ಬಲಿಯಾದರು, ಅವರಲ್ಲಿ ಬಹಳಷ್ಟು ಮಂದಿ ಎಳೆಯ ವಯಸ್ಸಿನವರು. 1997ರ ಡಿಸೆಂಬರ್‌ನಿಂದ ಎರಡು ವರ್ಷ ಮೂಳೆಸಹಿತ ದನದ ಮಾಂಸದ ಮಾರಾಟವೇ ಕಾನೂನುಬಾಹಿರವಾಗಿತ್ತು. ರೋಸ್ಟ್‌ಗಳಲ್ಲೆಲ್ಲ ಶ್ರೇಷ್ಠವೆನಿಸಿದ ಪಕ್ಕೆಯ ತುಂಡು ಇಂಗ್ಲೆಂಡಿನಲ್ಲೇ ನಿಷಿದ್ಧ ವಸ್ತುವಾಯಿತು.

ಅಂಗಡಿಗೆ ಅದು ಮರಳಿದೆಯಾದರೂ ಇಂದು ಅಡ್ಡಿಯಾಗಿರುವುದು ಬೆಲೆ. 2025ರಲ್ಲಿ ಬ್ರಿಟನ್ನಿನಲ್ಲಿ ದನದ ಮಾಂಸ ಗಣನೀಯವಾಗಿ ತುಟ್ಟಿಯಾಯಿತು. ಅನೇಕ ಮನೆಗಳಲ್ಲಿ ಭಾನುವಾರದ ರೋಸ್ಟ್ ಎಂದರೆ ಈಗ ಕೋಳಿ. ಆದರೆ ಪುಡಿಂಗ್ ಮಾತ್ರ ಹೋಗಿಲ್ಲ, ಕೋಳಿಯ ಪಕ್ಕದಲ್ಲೂ ಬಂದು ಕುಳಿತಿದೆ.

ಕರ್ನಾಟಕದ ಓದುಗರಲ್ಲಿ ಹಲವರಿಗೆ ದನದ ಮಾಂಸ ವರ್ಜ್ಯ. ರಾಜ್ಯದಲ್ಲಿ 2020ರ ಕಾಯ್ದೆಯು 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಹೊರತುಪಡಿಸಿ ಜಾನುವಾರು ವಧೆಯನ್ನು ನಿಷೇಧಿಸಿದೆ. ಮನೆಯಲ್ಲಿ ಪ್ರಯತ್ನಿಸಬಯಸುವವರು ಕುರಿಯ ತೊಡೆ ಅಥವಾ ಭುಜದ ಮಾಂಸ ಬಳಸಿದರೆ ಸಂಪ್ರದಾಯಕ್ಕೇನೂ ಭಂಗವಿಲ್ಲ. 1737ರ ಪುಸ್ತಕವೇ ಸಾಕ್ಷಿ. ಕೊಬ್ಬಿನ ಬದಲು ಸೂರ್ಯಕಾಂತಿ ಎಣ್ಣೆಯಲ್ಲೂ ಪುಡಿಂಗ್ ಚೆನ್ನಾಗಿಯೇ ಉಬ್ಬುತ್ತದೆ. ತುಪ್ಪ ಒಳ್ಳೆಯದು, ಬೆಣ್ಣೆ ಮಾತ್ರ ಆ ಶಾಖಕ್ಕೆ ಸೀದುಹೋಗುತ್ತದೆ.

ಇಂಗ್ಲೆಂಡಿನಲ್ಲಿರುವವರು ಸೂಪರ್‌ಮಾರ್ಕೆಟ್‌ನ ಘನೀಕೃತ ಪುಡಿಂಗ್ ಕೊಳ್ಳುವಾಗ ಪೊಟ್ಟಣದ ವಿವರ ಓದುವುದು ಲೇಸು. ಸಸ್ಯಜನ್ಯ ಎಣ್ಣೆಯಲ್ಲಿ ಮಾಡಿದವು ಹೇರಳವಾಗಿವೆ, ಬೀಫ್ ಡ್ರಿಪ್ಪಿಂಗ್ ಬಳಸಿದವೂ ಇವೆ. ಬೀಜಗಳಿಂದ ಮಾಡಿದ ಸಸ್ಯಾಹಾರಿ ರೋಸ್ಟ್ ಅನೇಕ ಪಬ್‌ಗಳಲ್ಲಿ ದೊರೆಯುತ್ತದೆ. ಆದರೂ ಜೊತೆಗೆ ಬರುವ ಆಲೂಗಡ್ಡೆ ಯಾವ ಕೊಬ್ಬಿನಲ್ಲಿ ಬೆಂದಿದೆ, ಗ್ರೇವಿ ಯಾವುದರಿಂದ ಆಗಿದೆ ಎಂದು ಪ್ರತ್ಯೇಕವಾಗಿ ವಿಚಾರಿಸಬೇಕು. ಮೊಟ್ಟೆಯನ್ನೂ ತಿನ್ನದವರಿಗೆ ಹಳೆಯ ಪದ್ಧತಿಯ ತಟ್ಟೆಯಲ್ಲಿ ಉಳಿಯುವುದು ಬೇಯಿಸಿದ ಕ್ಯಾರೆಟ್ ಮತ್ತು ಕೋಸು, ಜೊತೆಗೆ ಮೂಗಿಗೇರುವ ಆ ಬೇರಿನ ಚಟ್ನಿ.